ಜೆಪರ್ಡೈಸ್ ಅಂದರೆ ಪ್ರತಿ ಸಲವೂ ‘ಅಪಾಯಕ್ಕೆ ಒಡ್ಡು’ ಅಂತಲೇನಾ?

ಪ್ರಶ್ನೆ — ಕರಡು ಕಾಗದ

ನಮಸ್ಕಾರ. ಇಂಗ್ಲಿಷಿನ ಅರ್ಜಿ, ಸೂಚನಾಪತ್ರ, ಕರಾರು ಇಂಥವನ್ನು ಕನ್ನಡಕ್ಕೆ ಮಾಡುವುದು ನನ್ನ ಕೆಲಸ. ಆರು ವರ್ಷ ಆಯಿತು. ಈಗ ಕೈ ಪಳಗಿದೆ, ಹೆಚ್ಚಿನ ವಾಕ್ಯಗಳಿಗೆ ಡಿಕ್ಷನರಿ ತೆಗೆಯುವುದೇ ಇಲ್ಲ. ಆದರೆ ಒಂದು ಕ್ರಿಯಾಪದ ಬಂದಾಗಲೆಲ್ಲ ಕೈ ನಿಲ್ಲುತ್ತದೆ. ಜೆಪರ್ಡೈಸ್.

ಡಿಕ್ಷನರಿಯಲ್ಲಿ ‘ಅಪಾಯಕ್ಕೆ ಒಡ್ಡು’, ‘ಗಂಡಾಂತರಕ್ಕೆ ಗುರಿಮಾಡು’ ಅಂತ ಇರುತ್ತದೆ. ನಾನೂ ಇಷ್ಟು ದಿನ ಕಣ್ಣುಮುಚ್ಚಿಕೊಂಡು ಮೊದಲನೆಯದನ್ನೇ ಹಾಕುತ್ತಿದ್ದೆ. ಕಳೆದ ತಿಂಗಳು ಒಂದು ಅರ್ಜಿ ನಮೂನೆ ಬಂತು. ಕೊನೆಯಲ್ಲಿ ಹೀಗಿತ್ತು: ‘ಇನ್‌ಕಂಪ್ಲೀಟ್ ಡಾಕ್ಯುಮೆಂಟ್ಸ್ ಮೇ ಜೆಪರ್ಡೈಸ್ ಯುವರ್ ಅಪ್ಲಿಕೇಶನ್’. ನಾನು ಬರೆದದ್ದು: ‘ಅಪೂರ್ಣ ದಾಖಲೆಗಳು ನಿಮ್ಮ ಅರ್ಜಿಯನ್ನು ಅಪಾಯಕ್ಕೆ ಒಡ್ಡಬಹುದು’. ಯಾರೂ ತಕರಾರು ಮಾಡಲಿಲ್ಲ. ಅಚ್ಚಾಯಿತು.

ಆಮೇಲೆ ಆ ಅರ್ಜಿ ತುಂಬಲು ಕೂತ ಒಬ್ಬ ಹೆಂಗಸು ನನ್ನನ್ನೇ ಕೇಳಿದರು. ಅನುವಾದ ಮಾಡಿದವಳು ನಾನೇ ಅಂತ ಅವರಿಗೆ ಗೊತ್ತಿರಲಿಲ್ಲ. ಆ ಸಾಲಿನ ಮೇಲೆ ಬೆರಳಿಟ್ಟು, ‘ಇದೇನಮ್ಮ, ಅರ್ಜಿಗೆ ಏನು ಅಪಾಯ? ಹರಿದು ಹಾಕ್ತಾರಾ? ನನಗೇನಾದ್ರೂ ತೊಂದ್ರೆ ಮಾಡ್ತಾರಾ?’ ಅಂದರು. ಅವರ ಒಂದು ಪ್ರಮಾಣಪತ್ರ ಇನ್ನೂ ಕೈಗೆ ಬಂದಿರಲಿಲ್ಲ. ಹೆದರಿಕೊಂಡು ಅರ್ಜಿ ಕೊಡುವುದೇ ಬೇಡ ಅನ್ನುವ ಯೋಚನೆಯಲ್ಲಿದ್ದರು. ನನ್ನ ಒಂದು ಸಾಲಿನಿಂದ ಹೀಗಾಯಿತಲ್ಲ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಆಮೇಲೆ ನನ್ನ ಹಳೆಯ ಕಡತಗಳನ್ನು ತೆಗೆದು ನೋಡಿದೆ. ಆರು ವರ್ಷದಲ್ಲಿ ಆ ಪದ ಹದಿನೇಳು ಕಡೆ ಬಂದಿದೆ. ಹದಿನೈದು ಕಡೆ ‘ಅಪಾಯಕ್ಕೆ ಒಡ್ಡು’ ಅಂತಲೇ ಇದೆ. ಎರಡು ಕಡೆ ‘ಬೆದರಿಕೆ ಒಡ್ಡು’ ಅಂತ ಹಾಕಿದ್ದೇನೆ. ಅದಂತೂ ತಪ್ಪು ಅಂತ ಈಗ ಓದಿದರೆ ಗೊತ್ತಾಗುತ್ತದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಈ ಪದದ ಒಳಗಿನ ಅರ್ಥ ನಿಜಕ್ಕೂ ಏನು? ಎಂಡೇಂಜರ್, ರಿಸ್ಕ್, ಥ್ರೆಟನ್ ಇವೆಲ್ಲ ಇರುವಾಗ ಬರೆಯುವವರು ಇದನ್ನೇ ಯಾಕೆ ಹುಡುಕಿ ಹಾಕುತ್ತಾರೆ? ಎಲ್ಲಿಂದ ಬಂತು ಅಂತ ಗೊತ್ತಿದ್ದವರು ಅದನ್ನೂ ಹೇಳಿ. ಪದದ ಬೇರು ತಿಳಿದರೆ ನನಗೆ ಕನ್ನಡದ ಮಾತು ಬೇಗ ಹೊಳೆಯುತ್ತದೆ.

ಉತ್ತರ — ಮೂರನೇ ಪೀರಿಯಡ್

ಇಂಗ್ಲಿಷ್ ಪಾಠ ಮಾಡುವವನು ನಾನು. ಬಳಕೆಯ ಬಗ್ಗೆ ಹೇಳುತ್ತೇನೆ, ಬೇರಿನ ಕಥೆ ಬೇರೆಯವರು ಹೇಳಲಿ.

ಮೊದಲು ಉಚ್ಚಾರಣೆ. ಇದನ್ನು ‘ಜಿಯೋಪಾರ್ಡೈಸ್’ ಅಂತ ಓದುವ ಮಕ್ಕಳು ಜಾಸ್ತಿ. ಜಿಯಾಗ್ರಫಿ, ಜಿಯಾಮೆಟ್ರಿ ನೋಡಿ ನಾಲಿಗೆ ಹಾಗೆ ತಿರುಗುತ್ತದೆ. ಸ್ಪೆಲ್ಲಿಂಗಿನಲ್ಲಿ ಇ ಮತ್ತು ಓ ಎರಡೂ ಇದ್ದರೂ ಬಾಯಲ್ಲಿ ಬರುವುದು ‘ಜೆ’ ಅಷ್ಟೇ. ಚಿರತೆಗೆ ಲೆಪರ್ಡ್ ಅನ್ನುತ್ತಾರಲ್ಲ, ಅದೇ ಜಾಡು. ಒತ್ತು ಕೊಡಬೇಕಾದದ್ದೂ ಆ ಮೊದಲ ‘ಜೆ’ ಮೇಲೆಯೇ.

ಇನ್ನು ವಾಕ್ಯದಲ್ಲಿ ಅದು ಕೂರುವ ರೀತಿ. ನನ್ನ ತರಗತಿಯಲ್ಲಿ ಪ್ರತಿ ವರ್ಷ ಬರುವ ತಪ್ಪು ಒಂದಿದೆ: ‘ಐ ಡೋಂಟ್ ವಾಂಟ್ ಟು ಜೆಪರ್ಡೈಸ್ ಲೂಸಿಂಗ್ ಮೈ ಜಾಬ್’. ಇದು ಆಗುವುದಿಲ್ಲ. ‘ರಿಸ್ಕ್ ಲೂಸಿಂಗ್ ಮೈ ಜಾಬ್’ ಅನ್ನಬಹುದು, ‘ಜೆಪರ್ಡೈಸ್ ಮೈ ಜಾಬ್’ ಅನ್ನಬಹುದು. ಯಾಕೆ ಅಂದರೆ, ರಿಸ್ಕ್ ಆದಮೇಲೆ ಆಗಬಾರದ ಕೆಟ್ಟದ್ದನ್ನೂ ಹೇಳಬಹುದು, ಉಳಿಯಬೇಕಾದ ಒಳ್ಳೆಯದನ್ನೂ ಹೇಳಬಹುದು. ‘ರಿಸ್ಕ್ ಡೆತ್’ ಅಂತಲೂ ಇದೆ, ‘ರಿಸ್ಕ್ ಯುವರ್ ಲೈಫ್’ ಅಂತಲೂ ಇದೆ. ಜೆಪರ್ಡೈಸ್ ಆದಮೇಲೆ ಉಳಿಸಿಕೊಳ್ಳಬೇಕಾದದ್ದು ಮಾತ್ರ ಬರಬೇಕು. ಕೆಲಸ, ಹೆಸರು, ಮಾತುಕತೆ, ಒಪ್ಪಂದ, ಸುರಕ್ಷತೆ, ಗೆಲ್ಲುವ ಅವಕಾಶ. ‘ಜೆಪರ್ಡೈಸ್ ಡೆತ್’ ಅನ್ನುವ ಮಾತೇ ಇಲ್ಲ.

ಎಂಡೇಂಜರ್‌ಗೆ ಜೀವ ಇರುವವರು, ಜೀವ ಇರುವಂಥವು ಹೊಂದುತ್ತವೆ: ಮನುಷ್ಯರು, ಆರೋಗ್ಯ, ಪ್ರಾಣಿ ಪಕ್ಷಿ. ‘ಯು ಎಂಡೇಂಜರ್ಡ್ ಹಿಮ್’ ಸರಿ. ‘ಯು ಜೆಪರ್ಡೈಸ್ಡ್ ಹಿಮ್’ ಅಂದರೆ ಇಂಗ್ಲಿಷ್ ಮಾತಾಡುವವರಿಗೆ ಏನೋ ಕೊರತೆ ಅನ್ನಿಸುತ್ತದೆ. ಅವನ ಏನನ್ನು, ಕೆಲಸವನ್ನಾ, ಹೆಸರನ್ನಾ ಅಂತ ಕಾಯುತ್ತಾರೆ. ಥ್ರೆಟನ್ ಮಾಡುವುದಕ್ಕೆ ಬಾಯಿಮಾತು ಸಾಕು, ಒಬ್ಬರು ಬೆದರಿಸಿದರೆ ಆಯಿತು. ಜೆಪರ್ಡೈಸ್ ಮಾಡುವುದಕ್ಕೆ ಏನಾದರೂ ನಡೆಯಲೇಬೇಕು, ಅಥವಾ ನಡೆಯಬೇಕಾದದ್ದು ನಡೆಯದೆ ಹೋಗಬೇಕು. ಹಾಗಾಗಿ ‘ಬೆದರಿಕೆ ಒಡ್ಡು’ ಹೊಂದುವುದಿಲ್ಲ, ನೀವು ಹೇಳಿದ್ದು ಸರಿ.

ನಾಮಪದ ಜೆಪರ್ಡಿ. ‘ಇನ್ ಜೆಪರ್ಡಿ’ ಅಷ್ಟೇ. ನಡುವೆ ‘ಎ’ ಬೇಡ, ‘ದ’ ಬೇಡ.

ಉತ್ತರ — ಆನೆಯ ನಡೆ

ಮೇಡಂ, ನಾನು ಬಹಳ ಕಾಲದಿಂದ ಕಾನೂನಿನ ಕಾಗದಗಳನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ಅದಕ್ಕಿಂತ ಹೆಚ್ಚು ಕಾಲದಿಂದ ಚದುರಂಗ ಆಡುತ್ತಿದ್ದೇನೆ. ಈ ಪದ ನನಗೆ ಅರ್ಥವಾದದ್ದು ಆ ಎರಡನೆಯ ದಾರಿಯಿಂದ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನಿಮ್ಮ ಅರ್ಜಿಯ ಸಾಲಿಗೆ ಬೇಕಾದ ಉತ್ತರ ಆ ಪದ ಹುಟ್ಟಿದ ಜಾಗದಲ್ಲೇ ಇದೆ.

ಹಳೆಯ ಫ್ರೆಂಚಿನಲ್ಲಿ ‘ಜು ಪಾರ್ತಿ’ ಅಂತ ಒಂದು ಮಾತಿತ್ತು. ಜು ಅಂದರೆ ಆಟ, ಪಾರ್ತಿ ಅಂದರೆ ಭಾಗವಾದದ್ದು. ಪಾಲು ಮಾಡಿದ ಆಟ. ಲ್ಯಾಟಿನ್ನಿನ ‘ಯೋಕುಸ್’ ಆ ‘ಜು’ಗೆ ಮೂಲ, ಇಂಗ್ಲಿಷಿನ ಜೋಕ್ ಕೂಡ ಅದರಿಂದಲೇ ಬಂದದ್ದು. ಪಾರ್ಟ್ ಅನ್ನುವುದೂ ಈ ಎರಡನೇ ತುಂಡಿನ ನೆಂಟ. ಹಾಗಾಗಿ ಅಪಾಯ ಅನ್ನುವ ಅರ್ಥ ಹುಟ್ಟಿನಲ್ಲಿ ಇರಲೇ ಇಲ್ಲ. ಇದ್ದದ್ದು ಆಟ ಮತ್ತು ಪಾಲು, ಎರಡೇ.

ಮಧ್ಯಯುಗದ ಫ್ರಾನ್ಸಿನಲ್ಲಿ ಈ ಹೆಸರಿನ ಪದ್ಯದ ಆಟವೂ ಇತ್ತು. ಒಬ್ಬ ಕವಿ ಎರಡು ಪಕ್ಷ ಇಟ್ಟು ಇನ್ನೊಬ್ಬನಿಗೆ ಸವಾಲು ಹಾಕುತ್ತಾನೆ. ಅವನು ಯಾವುದನ್ನು ಆರಿಸಿಕೊಳ್ಳುತ್ತಾನೋ ಅದನ್ನು ಸಮರ್ಥಿಸಬೇಕು. ಉಳಿದ ಪಕ್ಷ ಸವಾಲು ಹಾಕಿದವನ ಪಾಲು. ಹದಿಮೂರನೇ ಶತಮಾನದಲ್ಲಿ ಉತ್ತರ ಫ್ರಾನ್ಸಿನ ಅರಾಸ್ ಪಟ್ಟಣ ಇದಕ್ಕೆ ಹೆಸರಾಗಿತ್ತು. ಎರಡು ಪಕ್ಷಗಳಿಗೂ ತೂಕ ಸಮ ಇದ್ದರೆ ಮಾತ್ರ ಆ ಆಟಕ್ಕೆ ರುಚಿ, ಅಲ್ವಾ?

ಚದುರಂಗದಲ್ಲೂ ಇದೇ ಹೆಸರು ಬಳಕೆಯಲ್ಲಿತ್ತು. ಮಣೆಯ ಮೇಲೆ ಕಾಯಿಗಳನ್ನು ಒಂದು ಬಿಕ್ಕಟ್ಟಿನಲ್ಲಿ ನಿಲ್ಲಿಸಿ, ಇದನ್ನು ಗೆಲ್ಲಬಹುದಾ ಇಲ್ಲವಾ ಅಂತ ಪಂಥ ಕಟ್ಟುತ್ತಿದ್ದರು. ಅಂಥ ಬಿಕ್ಕಟ್ಟಿಗೆ ಆ ಹೆಸರು. ಇಂಗ್ಲಿಷಿಗೆ ಬಂದಾಗಲೂ ಚದುರಂಗದ ನಂಟು ಬಿಡಲಿಲ್ಲ. ಹದಿನಾಲ್ಕನೇ ಶತಮಾನದ ಕವಿ ಚಾಸರ್ ಈ ಪದವನ್ನು ಚದುರಂಗದ ಇಕ್ಕಟ್ಟುಗಳಿಗೇ ಬಳಸಿದ್ದಾನೆ. ಅಲ್ಲಿಂದ ‘ಯಾವ ಕಡೆ ವಾಲುತ್ತದೋ ಹೇಳಲಾಗದ ಸ್ಥಿತಿ’ ಅನ್ನುವ ಅರ್ಥ ಬಂತು. ಆ ಅನುಮಾನದ ಸ್ಥಿತಿಯಿಂದ ‘ಕಳೆದುಕೊಳ್ಳುವ ಭಯ’, ಅದರಿಂದ ಈಗಿನ ‘ಅಪಾಯ’.

ಇದನ್ನು ಮಣೆಯ ಮೇಲೆ ತೋರಿಸುತ್ತೇನೆ. ನಿಮಗೆ ಎರಡು ಆನೆ ಇವೆ, ಎದುರಾಳಿಗೂ ಎರಡು. ಕಾಲಾಳುಗಳ ಲೆಕ್ಕವೂ ಸಮ. ಆಟ ಯಾರ ಕಡೆಯೂ ವಾಲಿಲ್ಲ. ಈಗ ನೀವು ಗಡಿಬಿಡಿಯಲ್ಲಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿದಿರಿ. ನಿಮ್ಮ ಒಂದು ಕಾಯಿಯೂ ಹೋಗಿಲ್ಲ. ಮಣೆ ಮೇಲೆ ಎಲ್ಲ ಹಾಗೇ ಇದೆ. ಆದರೆ ರಾಜನ ಮುಂದೆ ಒಂದು ಬಾಗಿಲು ತೆರೆದುಕೊಂಡಿತು. ಎದುರಾಳಿ ಅದನ್ನು ಗಮನಿಸಬಹುದು, ಗಮನಿಸದೇ ಇರಬಹುದು. ಆ ನಡೆಗೆ ಹೇಳುವ ಪದ ಜೆಪರ್ಡೈಸ್. ಸೋತಿದ್ದೀರಿ ಅಂತ ಅದು ಹೇಳುವುದಿಲ್ಲ. ಸಮವಾಗಿದ್ದದ್ದು ಅಥವಾ ನಿಮ್ಮ ಕಡೆ ಇದ್ದದ್ದು ಈಗ ಅಲ್ಲಾಡುತ್ತಿದೆ ಅಂತ ಮಾತ್ರ ಹೇಳುತ್ತದೆ.

ನೀವು ‘ಅಪಾಯ’ ಅಂದಾಗ ಆ ಹೆಂಗಸಿಗೆ ಯಾರೋ ಹೊಡೆಯಲು ಬಂದಂತೆ ಕೇಳಿಸಿತು. ಮೂಲದಲ್ಲಿ ಇದ್ದದ್ದು ‘ಅರ್ಜಿ ಗೆಲ್ಲುವುದು ಅನುಮಾನ’ ಅನ್ನುವಷ್ಟೇ.

ಕಾನೂನಿನಲ್ಲಂತೂ ಈ ವ್ಯತ್ಯಾಸ ತುಂಬ ಸ್ಪಷ್ಟ. ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿ 1791ರದು. ಒಂದೇ ಅಪರಾಧಕ್ಕೆ ಒಬ್ಬರನ್ನು ಎರಡು ಸಲ ಜೆಪರ್ಡಿಗೆ ಒಳಪಡಿಸಬಾರದು ಅಂತ ಅದರಲ್ಲಿದೆ. ಡಬಲ್ ಜೆಪರ್ಡಿ ಅನ್ನುವುದು ಇದನ್ನೇ. ಆ ಜೆಪರ್ಡಿ ಯಾವಾಗ ಶುರುವಾಗುತ್ತದೆ ಗೊತ್ತಾ? ಶಿಕ್ಷೆ ಹೇಳಿದಾಗ ಅಲ್ಲ. ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ಜನರ ಗುಂಪು, ಇರುವ ವಿಚಾರಣೆಯಲ್ಲಿ ಆ ಜ್ಯೂರಿಯವರು ಪ್ರಮಾಣವಚನ ತೆಗೆದುಕೊಂಡ ಹೊತ್ತಿಗೇ ಶುರು. ಇನ್ನೂ ಒಬ್ಬ ಸಾಕ್ಷಿ ಬಾಯಿ ಬಿಟ್ಟಿಲ್ಲ. ಬಿಡುಗಡೆಯೂ ಆಗಬಹುದು, ಶಿಕ್ಷೆಯೂ ಆಗಬಹುದು. ಆ ಮಧ್ಯದ ಹೊತ್ತಿಗೇ ಆ ಹೆಸರು. ಮೊದಲ ಸಲ ಇದನ್ನು ಅನುವಾದ ಮಾಡುವಾಗ ‘ಎರಡು ಬಾರಿ ಶಿಕ್ಷೆ’ ಅಂತ ಬರೆದು, ಮಾರನೆಯ ದಿನ ಹೊಡೆದುಹಾಕಿ ‘ಎರಡು ಬಾರಿ ವಿಚಾರಣೆಯ ಸಂಕಟ’ ಅಂತ ತಿದ್ದಿದ್ದು ನನಗೆ ನೆನಪಿದೆ.

ಕ್ರಿಯಾಪದದ ಕಥೆ ಸ್ವಲ್ಪ ಬೇರೆ. ಮೊದಲು ಬಂದದ್ದು ಜೆಪರ್ಡಿ ಅನ್ನುವ ನಾಮಪದ. ಅದರ ಬಾಲ ಕತ್ತರಿಸಿ ‘ಜೆಪರ್ಡ್’ ಅಂತ ಕ್ರಿಯಾಪದ ಮಾಡಿಕೊಂಡರು. ಎಡಿಟರ್ ಮೊದಲು ಬಂದು ಎಡಿಟ್ ಆಮೇಲೆ ಬಂದ ಹಾಗೆ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಯುದ್ಧಕ್ಕೆ ನಿಂತ ಕುಲಗಳು ತಮ್ಮ ಪ್ರಾಣವನ್ನು ‘ಜೆಪರ್ಡೆಡ್’ ಅಂತ ಇದೆ. ಜೆಪರ್ಡೈಸ್ ಅನ್ನುವ ರೂಪ ಸಿಗುವುದು 1646ರ ಹೊತ್ತಿಗೆ. ಅದನ್ನು ಎಲ್ಲರೂ ಒಪ್ಪಲಿಲ್ಲ. ನೋವಾ ವೆಬ್‌ಸ್ಟರ್ 1828ರ ತನ್ನ ಡಿಕ್ಷನರಿಯಲ್ಲಿ ಈ ಪದವನ್ನು ಸೇರಿಸಿದ. ಸೇರಿಸಿ, ಜೆಪರ್ಡ್ ಅಂತ ಇರುವಾಗ ಇದು ಬೇಕಾಗಿಲ್ಲ, ನಿರುಪಯೋಗಿ ಅಂತ ಅಲ್ಲೇ ಬರೆದ. ಈಗ ನೋಡಿ, ಜೆಪರ್ಡ್ ಅನ್ನುವವರು ಯಾರೂ ಉಳಿದಿಲ್ಲ. ಅವನು ಬೇಡ ಅಂದದ್ದೇ ಎಲ್ಲರ ಬಾಯಲ್ಲಿದೆ.

ಬೇರೆ ಪದಗಳ ಬೇರನ್ನೂ ನೋಡಿದರೆ ವ್ಯತ್ಯಾಸ ಇನ್ನಷ್ಟು ತಿಳಿಯುತ್ತದೆ. ಡೇಂಜರ್ ಬಂದದ್ದು ಒಡೆಯ ಅನ್ನುವ ಅರ್ಥದ ಲ್ಯಾಟಿನ್ ಪದದಿಂದ. ಒಬ್ಬರ ಡೇಂಜರಿನಲ್ಲಿ ಇರುವುದು ಅಂದರೆ ಹಿಂದೆ ಅವರ ಮುಷ್ಟಿಯಲ್ಲಿ ಇರುವುದು ಅಂತ. ಪೆರಿಲ್ ಬಂದದ್ದು ಪರೀಕ್ಷೆ, ಪ್ರಯತ್ನ ಅನ್ನುವ ಅರ್ಥದಿಂದ, ಎಕ್ಸ್‌ಪೀರಿಯೆನ್ಸ್ ಅದರ ಬಳಗ. ಹೆಜಾರ್ಡ್ ದಾಳದ ಆಟ. ಅಪಾಯ ಅನ್ನುವ ಒಂದೇ ಮಾತಿಗೆ ಒಂದು ಒಡೆಯನಿಂದ, ಒಂದು ಪರೀಕ್ಷೆಯಿಂದ, ಎರಡು ಆಟದಿಂದ ಬಂದಿವೆ. ಇದನ್ನು ಮೊದಲು ಓದಿದ ದಿನ ನನಗಾದ ಖುಷಿ ಇನ್ನೂ ಇಳಿದಿಲ್ಲ.

ಈಗ ಕನ್ನಡ. ನಮ್ಮಲ್ಲೂ ಇಂಥ ಪದ ಇದೆ, ಸಂಚಕಾರ. ‘ಜೀವಕ್ಕೆ ಸಂಚಕಾರ ತಂದುಕೊಂಡ’ ಅನ್ನುತ್ತೇವೆ. ಸಂಚಕಾರದ ಮೂಲ ಅರ್ಥ ಮುಂಗಡ ಹಣ. ವ್ಯಾಪಾರ ಕುದುರಿದಾಗ ಮಾತು ಗಟ್ಟಿಯಾಗಲಿ ಅಂತ ಕೊಡುವ ದುಡ್ಡು. ಸಂಸ್ಕೃತದ ಸತ್ಯಂಕಾರದಿಂದ ಬಂದದ್ದು, ಮಾತನ್ನು ಸತ್ಯ ಮಾಡುವುದು ಅಂತ. ಜೀವಕ್ಕೆ ಸಂಚಕಾರ ಅಂದರೆ ಆ ಜೀವಕ್ಕೆ ಯಾರೋ ಆಗಲೇ ಮುಂಗಡ ಕೊಟ್ಟಾಗಿದೆ ಅಂತ ನನಗೆ ಕೇಳಿಸುತ್ತದೆ. ಇನ್ನೂ ಕೈ ಬದಲಾಗಿಲ್ಲ, ಆದರೆ ಮಾತು ಆಗಿಹೋಗಿದೆ. ಅವರದು ಆಟದಿಂದ ಬಂತು, ನಮ್ಮದು ವ್ಯಾಪಾರದಿಂದ.

‘ಪಣಕ್ಕಿಡು’ ಹತ್ತಿರದ ಮಾತು, ಅದೂ ಆಟದ್ದೇ. ಆದರೆ ಎಚ್ಚರ. ಪಣಕ್ಕಿಡುವವನು ಗೊತ್ತಿದ್ದೇ ಇಡುತ್ತಾನೆ, ಅದರಲ್ಲಿ ಒಂದು ಧೈರ್ಯವಿದೆ. ಬೈಬಲ್ಲಿನ ಆ ಹಳೆಯ ‘ಜೆಪರ್ಡೆಡ್’ಗೆ ಅದು ಸರಿಯಾಗಿ ಕೂರುತ್ತದೆ. ಇವತ್ತಿನ ಜೆಪರ್ಡೈಸಿನಲ್ಲಿ ಹೊಗಳಿಕೆ ಇಲ್ಲ. ಅಜಾಗರೂಕತೆಯ ವಾಸನೆ ಇರುತ್ತದೆ, ದೂರು ಇರುತ್ತದೆ. ಅಲ್ಲಿಗೆ ‘ಕುತ್ತು ತರು’, ‘ಸಂಚಕಾರ ತರು’ ಒಳ್ಳೆಯದು. ‘ಇನ್ ಜೆಪರ್ಡಿ’ಗೆ ನಾನು ಮೆಚ್ಚುವ ಮಾತು ‘ತೂಗುಯ್ಯಾಲೆಯಲ್ಲಿದೆ’. ಪಾಲಾದ ಆಟದ ಆ ಸಮತೂಕ, ಆ ಓಲಾಟ ಅದರಲ್ಲಿ ಹಾಗೇ ಇದೆ.

ನಿಮ್ಮ ಅರ್ಜಿಗೆ ಇವು ಯಾವುವೂ ಬೇಡ. ಅಲ್ಲಿ ಅಪಾಯ ಅನ್ನುವ ಪದವನ್ನೇ ಬಿಟ್ಟುಬಿಡಿ. ಯಾವುದು ಕೈತಪ್ಪಬಹುದು ಅಂತ ಕೇಳಿಕೊಳ್ಳಿ, ಅದನ್ನು ಬರೆಯಿರಿ.

ಉತ್ತರ — ತಿಳಿನೀರು

ಮೇಲಿನವರು ಹೇಳಿದ್ದಕ್ಕೆ ನನ್ನ ಕಡೆಯಿಂದ ಒಂದು ಉದಾಹರಣೆ. ನಾನು ಕಾಡು, ನದಿ, ವನ್ಯಜೀವಿಗಳ ಬಗೆಗಿನ ಬರಹಗಳನ್ನು ಅನುವಾದ ಮಾಡುತ್ತೇನೆ. ಎಂಡೇಂಜರ್ ಮತ್ತು ಜೆಪರ್ಡೈಸ್ ಎರಡೂ ಒಂದೇ ಕಾನೂನಿನಲ್ಲಿ ಬಂದು, ಅವುಗಳಲ್ಲಿ ಒಂದರ ಮೇಲೆ ದೊಡ್ಡ ಮೊಕದ್ದಮೆ ನಡೆದಿದೆ.

ಅಮೆರಿಕದಲ್ಲಿ 1973ರ ಕೊನೆಯಲ್ಲಿ ಎಂಡೇಂಜರ್ಡ್ ಸ್ಪೀಶೀಸ್ ಆಕ್ಟ್ ಬಂತು. ಅಳಿವಿನ ಅಂಚಿನಲ್ಲಿರುವ ಜೀವಿಗಳ ರಕ್ಷಣೆಯ ಕಾನೂನು. ಕೇಂದ್ರ ಸರ್ಕಾರದ ಯಾವ ಇಲಾಖೆಯೂ ತನ್ನ ಕೆಲಸದಿಂದ ಅಂಥ ಜೀವಿಯ ಮುಂದಿನ ಉಳಿವನ್ನು ಜೆಪರ್ಡೈಸ್ ಮಾಡದಂತೆ ನೋಡಿಕೊಳ್ಳಬೇಕು ಅಂತ ಅದರ ಏಳನೇ ಸೆಕ್ಷನ್ ಹೇಳುತ್ತದೆ.

ಆಗ ಟೆನೆಸ್ಸೀ ವ್ಯಾಲಿ ಅಥಾರಿಟಿ ಅನ್ನುವ ಕೇಂದ್ರ ಸರ್ಕಾರದ ಸಂಸ್ಥೆಯವರು ಲಿಟಲ್ ಟೆನೆಸ್ಸೀ ನದಿಗೆ ಟೆಲಿಕೊ ಅಣೆಕಟ್ಟು ಕಟ್ಟುತ್ತಿದ್ದರು. ಕೆಲಸ 1967ರಲ್ಲೇ ಶುರುವಾಗಿತ್ತು. ಕಾನೂನು ಬಂದ ವರ್ಷವೇ ಆ ನದಿಯಲ್ಲಿ ಒಂದು ಪುಟ್ಟ ಮೀನು ಕಂಡುಬಂತು. ಹೆಸರು ಸ್ನೇಲ್ ಡಾರ್ಟರ್, ಉದ್ದ ಸುಮಾರು ಮೂರು ಇಂಚು. ನಮ್ಮ ಬೆರಳಿನಷ್ಟು. ಜಲ್ಲಿಕಲ್ಲಿನ ಮೇಲೆ ಹರಿಯುವ ತಿಳಿನೀರು ಅದಕ್ಕೆ ಬೇಕು. ಅಣೆಕಟ್ಟಿನ ಬಾಗಿಲು ಮುಚ್ಚಿದರೆ ನೀರು ನಿಲ್ಲುತ್ತದೆ. 1975ರಲ್ಲಿ ಅದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಆ ಹೊತ್ತಿಗೆ ಅಣೆಕಟ್ಟು ಹೆಚ್ಚುಕಡಿಮೆ ಮುಗಿದಿತ್ತು, ಕೋಟಿಗಟ್ಟಲೆ ಡಾಲರ್ ಖರ್ಚಾಗಿತ್ತು.

ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1978ರ ಜೂನ್‌ನಲ್ಲಿ ಆರು ನ್ಯಾಯಮೂರ್ತಿಗಳು ಮೀನಿನ ಪರ, ಮೂವರು ವಿರುದ್ಧ. ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಬರೆದ ತೀರ್ಪಿನ ತಿರುಳು ಇಷ್ಟು: ಜೆಪರ್ಡೈಸ್ ಮಾಡಬಾರದು ಅಂತ ಕಾನೂನು ನೇರವಾಗಿ ಹೇಳಿದೆ, ಖರ್ಚು ಎಷ್ಟಾಗಿದೆ ಅಂತ ನೋಡಿ ವಿನಾಯಿತಿ ಕೊಡಿ ಅಂತ ಎಲ್ಲೂ ಹೇಳಿಲ್ಲ. ಕೆಲಸ ನಿಂತಿತು. ಮಾರನೇ ವರ್ಷ ಅಮೆರಿಕದ ಸಂಸತ್ತು ಆ ಅಣೆಕಟ್ಟಿಗೆ ಮಾತ್ರ ವಿನಾಯಿತಿ ಕೊಟ್ಟಿತು, ನೀರು ತುಂಬಿತು. ಮೀನುಗಳನ್ನು ಬೇರೆ ನದಿಗಳಿಗೆ ಬಿಟ್ಟಿದ್ದರು, ಕೆಲವು ಕಡೆ ಹೊಸದಾಗಿಯೂ ಸಿಕ್ಕವು. 2022ರಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಸುದ್ದಿ ಓದಿದಾಗ ತುಂಬ ಸಮಾಧಾನವಾಯಿತು.

ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಇದು. ಆ ಕಾನೂನಿನ ಕೆಳಗಿನ ನಿಯಮಗಳಲ್ಲಿ ಜೆಪರ್ಡೈಸ್ ಅಂದರೆ ಏನು ಅಂತ ವಿವರಿಸಿದ್ದಾರೆ. ಆ ಜೀವಿ ಬದುಕುಳಿದು ಚೇತರಿಸಿಕೊಳ್ಳುವ ಸಾಧ್ಯತೆಯನ್ನು ಗಮನಾರ್ಹವಾಗಿ ಕಡಿಮೆ ಮಾಡುವುದು. ‘ಸಾಧ್ಯತೆಯನ್ನು ಕಡಿಮೆ ಮಾಡುವುದು’ ಅನ್ನುವುದನ್ನು ಗಮನಿಸಿ. ಕೊಲ್ಲುವುದು ಅಂತ ಇಲ್ಲ. ಎಂಡೇಂಜರ್ಡ್ ಅನ್ನುವುದು ಆ ಮೀನು ಈಗಿರುವ ಸ್ಥಿತಿ. ಜೆಪರ್ಡೈಸ್ ಅನ್ನುವುದು ನಾವು ಮಾಡುವ ಕೆಲಸ. ಇದನ್ನು ಕನ್ನಡಕ್ಕೆ ಮಾಡುವಾಗ ಮೊದಲನೆಯದಕ್ಕೆ ‘ಅಳಿವಿನ ಅಂಚಿನಲ್ಲಿರುವ’, ಎರಡನೆಯದಕ್ಕೆ ‘ಉಳಿವಿಗೆ ಕುತ್ತು ತರುವ’ ಅಂತ ಬರೆದೆ. ಎರಡಕ್ಕೂ ಅಪಾಯ ಅಂತಲೇ ಹಾಕಿದ್ದರೆ ವಾಕ್ಯ ಕಲಸಿಹೋಗುತ್ತಿತ್ತು.

ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಸಂಚಕಾರ ಚೆಂದದ ಪದ, ಅದರ ಕಥೆ ನನಗೂ ಇಷ್ಟವಾಯಿತು. ಆದರೆ ನಮ್ಮ ಬರಹ ಓದುವ ಹುಡುಗ ಹುಡುಗಿಯರಿಗೆ ಅದು ಗೊತ್ತಿಲ್ಲ. ‘ಸಂಚು’ ಅಂತ ಓದಿಕೊಂಡು ಯಾರೋ ಒಳಸಂಚು ಮಾಡಿದ್ದಾರೆ ಅಂದುಕೊಂಡವರನ್ನು ನಾನೇ ನೋಡಿದ್ದೇನೆ.

ಉತ್ತರ — ಆನೆಯ ನಡೆ

ತಿಳಿನೀರು ಅವರೇ, ಆ ಮೀನಿನ ಮೊಕದ್ದಮೆಯ ತೀರ್ಪನ್ನು ನಾನೂ ಓದಿದ್ದೆ. ಆದರೆ ನಿಯಮದಲ್ಲಿ ‘ಸಾಧ್ಯತೆ’ ಅಂತ ಇರುವುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಏಳುನೂರು ವರ್ಷದ ಹಿಂದಿನ ಪಾಲಾದ ಆಟ ಒಂದು ಮೀನಿನ ನಿಯಮದಲ್ಲಿ ಹಾಗೇ ಕೂತಿದೆ. ತುಂಬ ಧನ್ಯವಾದ.

ಸಂಚಕಾರದ ವಿಷಯ. ಸೂಚನಾಪತ್ರಕ್ಕೆ ಬೇಡ, ನಿಮ್ಮ ಮಾತು ಒಪ್ಪುತ್ತೇನೆ. ಅರ್ಜಿ ತುಂಬುವವರಿಗೆ ಪದಪಾಠ ಬೇಕಾಗಿಲ್ಲ. ಆದರೆ ಲೇಖನದಲ್ಲಿ, ಕಥೆಯಲ್ಲಿ, ಭಾಷಣದಲ್ಲಿ ಬಳಸಿ ಅಂತ ಕೇಳಿಕೊಳ್ಳುತ್ತೇನೆ. ಓದುಗರಿಗೆ ಗೊತ್ತಿಲ್ಲ ಅಂತ ನಾವು ಬಿಟ್ಟರೆ ಮುಂದಿನವರಿಗೆ ಅದು ಸಿಗುವುದೇ ಇಲ್ಲ. ಪಕ್ಕದಲ್ಲಿ ಅರ್ಥ ತಿಳಿಯುವ ಹಾಗೆ ಒಂದು ವಾಕ್ಯ ಇಟ್ಟರೆ ಸಾಕು.

ಇನ್ನೊಂದು ನೆನಪಾಯಿತು. ‘ಅನ್ನಕ್ಕೆ ಕಲ್ಲು ಹಾಕು’, ‘ಹೊಟ್ಟೆ ಮೇಲೆ ಹೊಡೆ’ ಅಂತ ಕೆಲವರು ‘ಜೆಪರ್ಡೈಸ್ ಲೈವ್ಲಿಹುಡ್’ಗೆ ಹಾಕುತ್ತಾರೆ. ಅವೆರಡೂ ಬೇಕಂತಲೇ ಮಾಡಿದ್ದು, ಆಗಿಹೋದದ್ದು. ಜೆಪರ್ಡೈಸ್ ಬೇಕಂತಲೇ ಆಗಬೇಕಾಗಿಲ್ಲ, ಮರೆವಿನಿಂದಲೂ ಆಗುತ್ತದೆ. ಮುಖ್ಯವಾಗಿ, ಅದು ಇನ್ನೂ ಆಗಿಹೋಗಿಲ್ಲ.

ಪ್ರತಿಕ್ರಿಯೆ — ಕರಡು ಕಾಗದ

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ನಿನ್ನೆ ಕೂತು ಹದಿನೇಳು ಕಡೆಯೂ ಮತ್ತೆ ನೋಡಿದೆ. ‘ಯಾವುದು ಕೈತಪ್ಪಬಹುದು’ ಅಂತ ಕೇಳಿಕೊಂಡ ಕೂಡಲೇ ಅರ್ಧದಷ್ಟು ತಾವಾಗಿಯೇ ಬಿಡಿಸಿಕೊಂಡವು. ಕರಾರಿನ ಒಂದು ಸಾಲು ‘ಕೆಲಸಗಾರರ ಸುರಕ್ಷತೆಗೆ ಧಕ್ಕೆ ತರುವ ನಡವಳಿಕೆ’ ಆಯಿತು. ಪತ್ರವೊಂದರ ಸಾಲು ‘ಇದರಿಂದ ಇಷ್ಟು ದಿನದ ಮಾತುಕತೆ ಮುರಿದುಬೀಳಬಹುದು’ ಆಯಿತು. ಔಷಧದ ಸೂಚನೆಯಲ್ಲಿ ಮಾತ್ರ ‘ಜೀವಕ್ಕೆ ಅಪಾಯ’ ಅಂತಲೇ ಉಳಿಸಿದೆ. ಅಲ್ಲಿ ಮೂಲದವರು ಎಂಡೇಂಜರ್ ಅನ್ನಬಹುದಾಗಿತ್ತು ಅಂತ ಈಗ ಅನ್ನಿಸುತ್ತದೆ.

ಅರ್ಜಿಯ ಸಾಲು ಹೀಗೆ ತಿದ್ದಿದ್ದೇನೆ: ‘ದಾಖಲೆಗಳು ಪೂರ್ತಿ ಇಲ್ಲದಿದ್ದರೆ ನಿಮ್ಮ ಅರ್ಜಿ ಮಂಜೂರಾಗದೆ ಇರಬಹುದು’. ಇದರ ಮುಂದೆ ‘ಆದರೂ ಅರ್ಜಿ ಕೊಡಿ’ ಅಂತ ಸೇರಿಸುವ ಆಸೆ ಇತ್ತು. ಸೇರಿಸಬಹುದಾ?

ಉತ್ತರ — ಆನೆಯ ನಡೆ

ಸಾಲು ಚೆನ್ನಾಗಿದೆ, ಒಂದು ಅಕ್ಷರ ಬದಲಾಯಿಸಬೇಡಿ. ‘ಆದರೂ ಕೊಡಿ’ ಅನ್ನುವುದು ಮೂಲದಲ್ಲಿಲ್ಲ, ಹಾಗಾಗಿ ನೀವಾಗಿ ಸೇರಿಸುವ ಹಾಗಿಲ್ಲ. ಆದರೆ ಕೆಲಸ ಕೊಟ್ಟವರನ್ನು ಕೇಳಬಹುದಲ್ಲ. ಆ ಹೆಂಗಸು ಬೆರಳಿಟ್ಟು ಕೇಳಿದ ಪ್ರಶ್ನೆಯನ್ನೇ ಬರೆದು ಕಳಿಸಿ. ಓದಿದವರು ಹೆದರಿ ಅರ್ಜಿ ಬಿಡುತ್ತಿದ್ದಾರೆ ಅಂತ ತಿಳಿದರೆ ಅವರೇ ಇಂಗ್ಲಿಷಿನಲ್ಲೂ ಒಂದು ಸಾಲು ಸೇರಿಸಬಹುದು.

ಪ್ರತಿಕ್ರಿಯೆ — ಕರಡು ಕಾಗದ

ಬರೆದು ಕಳಿಸಿದೆ. ನಾಲ್ಕನೇ ದಿನ ಉತ್ತರ ಬಂತು. ಎರಡೂ ಭಾಷೆಯಲ್ಲಿ ‘ಬಾಕಿ ದಾಖಲೆಯನ್ನು ಆಮೇಲೆ ಕೊಡಬಹುದು’ ಅಂತ ಸೇರಿಸಲು ಒಪ್ಪಿದ್ದಾರೆ. ಹೊಸ ನಮೂನೆ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ.

ಆ ಹೆಂಗಸಿಗೆ ಕೂಡಲೇ ಹೇಳಿ ಹಳೆಯ ನಮೂನೆಯಲ್ಲೇ ಅರ್ಜಿ ಕೊಡಿಸಿದ್ದೇನೆ. ಅವರ ಪ್ರಮಾಣಪತ್ರ ಇನ್ನೂ ಬಂದಿಲ್ಲ.